ಶೆಟ್ಟರ ಅಂಗಡಿಗೆ ಬಂದ ಅಳಿಲುಗಳು

ಅಳಿಲು ನೋಡುವುದಕ್ಕೆ ಬಹಳ ಚೆಂದ, ಬೇರೆಯವರ ಮನೆಯಲ್ಲಿದ್ದರೆ. ಲಾಲ್‌ಬಾಗಿನ ಕಲ್ಲುಬೆಂಚಿನ ಮೇಲೆ ಕೂತು, ಅದು ಮುಂಗಾಲೆರಡರಲ್ಲೂ ಕಡಲೆಕಾಯಿ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ತಿನ್ನುವುದನ್ನು ಅರ್ಧ ಗಂಟೆ ನೋಡಿದವರಲ್ಲಿ ನಾನೂ ಒಬ್ಬ. ಅದೇ ಪ್ರಾಣಿ ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಲಿನ ಕೋಣೆಯಲ್ಲಿ ಸಂಸಾರ ಹೂಡಿ, ಬೆಳಗ್ಗೆ ಆರು ಗಂಟೆಗೆ ಸರಿಯಾಗಿ ‘ಚಿಕ್ ಚಿಕ್ ಚಿಕ್’ ಎಂದು ಶುರುಮಾಡಿದ ಮೇಲೆ ಅದರ ಚೆಂದ ನನಗೆ ಕಾಣಿಸುವುದು ನಿಂತುಹೋಯಿತು. ಈಗ ಅವು ಹೋಗಿವೆ. ಕೋಣೆ ನಿಶ್ಶಬ್ದವಾಗಿದೆ. ನನಗೆ ನೆಮ್ಮದಿಯಾಗಿದೆ. ಆ ನೆಮ್ಮದಿಯಲ್ಲಿ ಕಾಲು ಭಾಗ ಮಾತ್ರ ಅಳಿಲುಗಳು ಹೋದದ್ದಕ್ಕೆ. ಮುಕ್ಕಾಲು ಭಾಗ ಬೇರೆಯದಕ್ಕೆ. ಅದನ್ನು ಹೇಳುವುದಕ್ಕೇ ಬರೆಯಲು ಕೂತಿದ್ದೇನೆ, ಏಕೆಂದರೆ ಈ ಪ್ರಸಂಗದಲ್ಲಿ ನಿಜವಾಗಿ ತಪ್ಪು ಮಾಡಿದ ಪ್ರಾಣಿಗೆ ಬಾಲವಿಲ್ಲ.

ನಾನು ಬರೆಯುವವನಲ್ಲ. ಏಳನೇ ಕ್ಲಾಸಿನಲ್ಲಿ ಎರಡು ಸಲ ಕೂತು, ಮೂರನೇ ಸಲ ಬೆಂಚಿಗೇ ಬೇಜಾರಾಗಬಾರದು ಎಂದು ಬಿಟ್ಟುಬಂದವನು. ಅಲ್ಲಿಂದ ನೇರವಾಗಿ ಹಿಂದಿನ ರಸ್ತೆಯ ಬೈಂಡಿಂಗ್ ಅಂಗಡಿಗೆ ಸೇರಿದೆ. ನಲವತ್ತೈದು ವರ್ಷ ಪುಸ್ತಕ ಹೊಲಿದೆ. ನಾನು ಓದಿದ್ದೆಲ್ಲ ಅಲ್ಲೇ, ಹದಿನಾರು ಪುಟದ ಫಾರಂಗಳನ್ನು ಮಡಿಸುವಾಗ ಕಣ್ಣಿಗೆ ಬಿದ್ದಷ್ಟು. ಹಾಗಾಗಿ ನನಗೆ ಬಹಳ ವಿಷಯಗಳು ಗೊತ್ತು, ಯಾವುದೂ ಕೊನೆಯವರೆಗೆ ಗೊತ್ತಿಲ್ಲ. ಸಕ್ಕರೆ ಕಾಯಿಲೆ ಬರುವ ಕಾರಣ ಗೊತ್ತು, ಪಥ್ಯ ಬೇರೆ ಫಾರಂನಲ್ಲಿತ್ತು. ಒಂದು ಕಾದಂಬರಿಯಲ್ಲಿ ನಾಯಕಿ ಬಾವಿಯ ಕಟ್ಟೆಯ ಮೇಲೆ ನಿಂತಿದ್ದಾಳೆ. ನನ್ನ ಪಾಲಿಗೆ ಇವತ್ತಿಗೂ ಅಲ್ಲೇ ನಿಂತಿದ್ದಾಳೆ. ಅಳಿಲಿನ ವಿಷಯವೂ ಹೀಗೇ. ಅದರ ಮುಂದಿನ ಹಲ್ಲುಗಳು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತವೆ, ಆದ್ದರಿಂದ ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು ಎನ್ನುವವರೆಗೆ ಓದಿದ್ದೆ. ಓಡಿಸುವ ಉಪಾಯ ಮುಂದಿನ ಫಾರಂನಲ್ಲಿತ್ತೋ ಏನೋ, ಅದನ್ನು ಮಡಿಸಿದವರು ಬೇರೆಯವರು.

ಮನೆಯಲ್ಲಿರುವುದು ಅಕ್ಕ ಮತ್ತು ನಾನು. ಅಕ್ಕ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ ಆಗಿದ್ದು ನಿವೃತ್ತಳಾದವಳು. ಮದುವೆ ಬೇಡ ಎಂದು ಅಕ್ಕನ ವಿಷಯದಲ್ಲಿ ಅಕ್ಕನೇ ಹೇಳಿದಳು. ನನ್ನ ವಿಷಯದಲ್ಲಿ ಹೆಣ್ಣಿನ ಕಡೆಯವರು ಹೇಳಿದರು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಗೋಡೆಯ ಆಚೆ ಗಿರಿಜಮ್ಮ. ಅವರ ಯಜಮಾನರದು ಪೇಟೆಯಲ್ಲಿ ಹಗ್ಗ, ಗೋಣಿಚೀಲದ ವ್ಯಾಪಾರ. ಗಿರಿಜಮ್ಮನ ಹಣೆಯಲ್ಲಿ ವಿಭೂತಿ, ಅದರ ಕೆಳಗೆ ಕಾಸಿನಗಲ ಕುಂಕುಮ, ಬಾಯಿ ತುಂಬ ಮಾತು. ಅಕ್ಕನಿಗೂ ಅವರಿಗೂ ನಲವತ್ತು ವರ್ಷದ ಸ್ನೇಹ. ನಾನು ಗಾಂಧಿ ಬಜಾರಿನಿಂದ ಬಿಡಿ ಮಲ್ಲಿಗೆ ತಂದುಕೊಟ್ಟರೆ, ಸಂಜೆ ಇಬ್ಬರೂ ಗಿರಿಜಮ್ಮನ ಮನೆಯ ಮೆಟ್ಟಿಲ ಮೇಲೆ ಎದುರುಬದುರು ಕೂತು ಕಟ್ಟುತ್ತಿದ್ದರು. ಇವಳು ಆ ತುದಿಯಿಂದ, ಅವರು ಈ ತುದಿಯಿಂದ. ಮಧ್ಯೆ ಗಂಟು ಹಾಕುವ ಹೊತ್ತಿಗೆ ಬೀದಿಯವರೆಲ್ಲರ ವಿಚಾರಣೆ ಮುಗಿದಿರುತ್ತಿತ್ತು.

ಇನ್ನು ಅಳಿಲುಗಳು ಬಂದ ಕೋಣೆ. ಅದಕ್ಕೆ ಇವತ್ತಿಗೂ ಸೌದೆ ಕೋಣೆ ಎಂದೇ ಹೆಸರು. ಅಲ್ಲಿ ಸೌದೆ ಇದ್ದದ್ದು ನೀರೊಲೆಯ ಕಾಲದಲ್ಲಿ. ಗೀಸರ್ ಬಂದ ಮೇಲೆ ಸೌದೆ ಹೋಗಿ, ಮನೆಯೊಳಗೆ ಬೇಡವಾದದ್ದು, ಆದರೆ ಎಸೆಯಲು ಮನಸ್ಸು ಬಾರದ್ದು ಎಲ್ಲ ಅಲ್ಲಿ ಸೇರಿತು. ಮೂರು ಕಾಲಿನ ಕುರ್ಚಿ, ಅಪ್ಪನ ಬೈಸಿಕಲ್ಲು, ನನ್ನ ಹಳೆಯ ಬೈಂಡಿಂಗ್ ಪ್ರೆಸ್ಸು, ಪುಸ್ತಕದ ರಟ್ಟಿಗೆ ಅಂಟಿಸುವ ಕ್ಯಾಲಿಕೋ ಬಟ್ಟೆಯ ತುಂಡುಗಳು. ಮತ್ತು ಅಮ್ಮನ ದಸರಾ ಗೊಂಬೆಗಳು. ಯುಗಾದಿ ಕಳೆದ ಮೇಲೆ ಬಿದ್ದ ಮೊದಲ ಮಳೆಗೆ ಸೀಬೆಮರದ ಕೊಂಬೆ ಮುರಿದು ಒಂದು ಹೆಂಚು ಒಡೆದಿತ್ತು. ನಾಳೆ ಹಾಕಿಸಿದರಾಯಿತು ಎಂದುಕೊಂಡೆ. ಆಷಾಢ ಬರುವವರೆಗೂ ಆ ನಾಳೆ ಬರಲಿಲ್ಲ. ಅಳಿಲು ಬಂತು.

ಮೊದಲು ಅಕ್ಕನ ಯೋಜನೆಯಂತೆ ನುಸಿಗುಳಿಗೆ ಇಟ್ಟೆವು. ಮಾರನೆಯ ದಿನ ಗುಳಿಗೆಗಳೆಲ್ಲ ಹೊಸ್ತಿಲ ಹೊರಗೆ ಬಿದ್ದಿದ್ದವು. ಅವು ತಾವಾಗಿ ಉರುಳಿದವೋ, ಯಾರಾದರೂ ಉರುಳಿಸಿದರೋ ಹೇಳಲಾರೆ. ಆಮೇಲೆ ನನ್ನ ಯೋಜನೆ. ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿ ಕೋಣೆಗೆ ಘಾಟು ಕೊಟ್ಟೆ. ಘಾಟು ಒಡೆದ ಹೆಂಚಿನಿಂದ ಹೊರಬಿದ್ದು ಬೀದಿಗೆ ಹೋಯಿತು. ಎದುರುಮನೆಯಾಕೆ ಕೆಮ್ಮುತ್ತಾ ಬಂದು, “ದೃಷ್ಟಿ ತೆಗೀತಿದೀರಾ? ಹಾಗೇ ನಮ್ಮ ಮೊಮ್ಮಗಳಿಗೂ ಒಂಚೂರು ತೆಗೆದ್ಬಿಡಿ” ಎಂದು ಮಗುವನ್ನು ಮುಂದೆ ನಿಲ್ಲಿಸಿದರು. ಇಲ್ಲವೆನ್ನಲಾಗಲಿಲ್ಲ, ತೆಗೆದೆ. ಅಳಿಲು ಸೀಬೆಮರದ ಮೇಲೆ ಕೂತು ನೋಡುತ್ತಿತ್ತು. ಒಂದೊಂದು ಸಲ ಚಿಕ್ ಎಂದಾಗಲೂ ಬಾಲ ಒಂದೊಂದು ಸಲ ಮೇಲೇಳುತ್ತಿತ್ತು. ನಾನು ಕೆಮ್ಮಿದಾಗಲೆಲ್ಲ ಅದು ತಾಳ ಹಾಕುತ್ತಿದೆಯೇನೋ ಅನ್ನಿಸಿತು.

ಕೊಲ್ಲುವ ಮಾತು ನಮ್ಮಲ್ಲಿ ಬರುವಂತಿಲ್ಲ. ದೇವರು ಬೆನ್ನು ಸವರಿದ ಪ್ರಾಣಿ ಅದು; ಆ ಬೆರಳಿನ ಗುರುತೇ ಮೂರು ಗೆರೆ ಎನ್ನುತ್ತಾರೆ. ಬೆರಳು ಐದಿರುವಾಗ ಗೆರೆ ಮೂರೇ ಏಕೆ ಎಂದು ಅಕ್ಕ ಚಿಕ್ಕವಳಿದ್ದಾಗಲೇ ಕೇಳಿ ಅಮ್ಮನಿಂದ ಬೈಸಿಕೊಂಡಿದ್ದಳಂತೆ. ಅವಳು ಲೆಕ್ಕದ ಮೇಡಂ ಆಗುವುದು ಅವತ್ತೇ ತೀರ್ಮಾನವಾಯಿತು ಎಂದು ನನ್ನ ನಂಬಿಕೆ.

ಆ ಲೆಕ್ಕವೇ ಮುಂದಿನ ಅನಾಹುತಕ್ಕೆ ದಾರಿಯಾಯಿತು. ಒಂದು ದಿನ ಕೋಣೆ ಗುಡಿಸುವಾಗ ಮೂಲೆಯಲ್ಲಿ ಕಡಲೆಕಾಯಿ ಸಿಪ್ಪೆ ಸಿಕ್ಕಿತು. ಅಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಬೋರ್ಡಿನ ಮುಂದೆ ನಿಂತವಳಂತೆ ನಿಂತಳು.

“ನಮ್ಮನೇಲಿ ಕಡ್ಲೇಕಾಯಿ ಯಾರು ತಿಂತಾರೆ? ನಂಗೆ ಹಲ್ಲಿಲ್ಲ, ನಿಂಗೆ ಗ್ಯಾಸು. ಗೋಡೆ ಮೇಲೆ ದಿನಾ ಬೆಳಗ್ಗೆ ಅಳಿಲಿಗೆ ಅಂತ ಕಡ್ಲೇಕಾಯಿ ಇಡೋರು ಯಾರು?”

“ಗಿರಿಜಮ್ಮ,” ಎಂದೆ. ಉತ್ತರ ಗೊತ್ತಿದ್ದ ಲೆಕ್ಕ ನನಗೆ ಅಪರೂಪ. ಹೇಳಿಬಿಟ್ಟೆ.

ಅಕ್ಕ ನೇರವಾಗಿ ಗೋಡೆಯ ಹತ್ತಿರ ಹೋದಳು. “ರೀ ಗಿರಿಜಾ, ನೀವು ಇಲ್ಲಿ ಕಡ್ಲೇಕಾಯಿ ಇಡೋದು ನಿಲ್ಲಿಸ್ಬೇಕು.”

“ಯಾಕ್ರೀ ಶಾರದಾ? ಗೋಡೆ ಅರ್ಧ ನಂದೂ ಹೌದಲ್ವಾ?”

“ಗೋಡೆ ಅರ್ಧ ನಿಮ್ದು. ಅಳಿಲು ಪೂರ್ತಿ ನಮ್ಮನೇಲಿ.”

“ಅಯ್ಯೋ, ನಾನೇನು ನಿಮ್ಮನೆ ಅಡ್ರೆಸ್ ಬರ್ದು ಕೊಟ್ಟು ಕಳ್ಸಿದ್ನಾ?”

ಅಲ್ಲಿಗೆ ನಿಂತಿದ್ದರೆ ನಗುವಿನಲ್ಲಿ ಮುಗಿಯುತ್ತಿತ್ತು. ಅಕ್ಕನಿಗೆ ಆಗ ಮಂಡಿನೋವು ಬೇರೆ ಹೆಚ್ಚಾಗಿತ್ತು. “ನಿಮ್ಗೆ ಹೇಳಿ ಏನು ಪ್ರಯೋಜನ? ನಾಲ್ಕಕ್ಷರ ಓದಿದ್ರೆ ಅರ್ಥ ಆಗ್ತಿತ್ತು” ಎಂದುಬಿಟ್ಟಳು.

ಗಿರಿಜಮ್ಮ ಶಾಲೆಗೆ ಹೋದದ್ದು ನನಗಿಂತಲೂ ಕಡಿಮೆ. ಅವರು ಗೋಡೆಯ ಮೇಲಿದ್ದ ನಾಲ್ಕು ಕಡಲೆಕಾಯಿಯನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡರು. “ಆಯ್ತು ಮೇಡಂ, ಇನ್ಮೇಲೆ ಇಡಲ್ಲ” ಎಂದು ಒಳಗೆ ಹೋದರು. ನಲವತ್ತು ವರ್ಷದಲ್ಲಿ ಅವರು ಅಕ್ಕನನ್ನು ಮೇಡಂ ಎಂದದ್ದು ಅವತ್ತೇ ಮೊದಲು. ಅಂದಿನಿಂದ ಸಂಜೆಯ ಮಲ್ಲಿಗೆಯನ್ನು ಅಕ್ಕ ನಮ್ಮ ನಡುಮನೆಯಲ್ಲಿ ಒಬ್ಬಳೇ ಕೂತು ಕಟ್ಟತೊಡಗಿದಳು. ಮಾಲೆ ಒಂದು ಕಡೆ ಒತ್ತಾಗಿ, ಒಂದು ಕಡೆ ಬಿಡಿಯಾಗಿ ಬರುತ್ತಿತ್ತು.

ಗಿರಿಜಮ್ಮ ಕಡಲೆಕಾಯಿ ನಿಲ್ಲಿಸಿದರು, ಅಳಿಲು ನಿಲ್ಲಿಸಲಿಲ್ಲ. ಕಡೆಗೆ ಇಲಿಬೋನು ತಂದು ಕೊಬ್ಬರಿ ಸಿಕ್ಕಿಸಿಟ್ಟೆ. ಒಂದು ಬೆಳಗ್ಗೆ ಅಳಿಲೊಂದು ಒಳಗಿತ್ತು, ಕೊಬ್ಬರಿ ಮುಗಿಸಿ ಕೂತಿತ್ತು. ಬೋನನ್ನು ಕೈಚೀಲದಲ್ಲಿಟ್ಟುಕೊಂಡು ಆಟೋ ಹತ್ತಿದೆ. ಚೀಲ ತಾನಾಗಿ ಕುಣಿಯುವುದನ್ನು ಕನ್ನಡಿಯಲ್ಲಿ ನೋಡಿ ಡ್ರೈವರ್ ಕೇಳಿದ.

“ಏನ್ ಸಾರ್ ಅದು?”

“ಅಳಿಲಪ್ಪ. ಬಸವನಗುಡೀಲಿ ಬಿಟ್ಟು ಬರೋಣ ಅಂತ.”

“ಅಲ್ಲಾ ಸಾರ್, ಚಾಮರಾಜಪೇಟೆ ಅಳಿಲನ್ನ ಬಸವನಗುಡಿಯವು ಸೇರಿಸ್ಕೊಳ್ತಾವಾ? ನಾನು ಬಿನ್ನಿಪೇಟೆ ಬಿಟ್ಟು ಇಲ್ಲಿ ಸ್ಟ್ಯಾಂಡಿಗೆ ಬಂದಾಗ ಎಷ್ಟು ಗಲಾಟೆ ಆಯ್ತು ಗೊತ್ತಾ? ಮೂರು ತಿಂಗ್ಳು ಒಬ್ನೂ ಮಾತಾಡಿಸ್ಲಿಲ್ಲ.”

ಇದನ್ನು ನಾನು ಯೋಚಿಸಿರಲಿಲ್ಲ. ಬ್ಯೂಗಲ್ ರಾಕಿನ ಬಂಡೆಯ ಬಳಿ ಬೋನಿನ ಬಾಗಿಲು ತೆಗೆದೆ. ಅದು ಒಂದು ಕ್ಷಣ ನನ್ನ ಮುಖ ನೋಡಿ, ಬಾಲ ಕೊಡವಿ, ಮರ ಹತ್ತಿ ಮಾಯವಾಯಿತು. ಅಲ್ಲಿನವು ಅದನ್ನು ಸ್ವಾಗತಿಸಿದವೋ ಓಡಿಸಿದವೋ ತಿಳಿಯಲಿಲ್ಲ. ಎಲ್ಲದಕ್ಕೂ ಮೂರೇ ಗೆರೆ; ನಮ್ಮದು ಯಾವುದು ಎಂದು ಗುರುತು ಹಿಡಿಯುವ ಬಗೆ ಹೇಗೆ?

ಗೆದ್ದವನಂತೆ ಮನೆಗೆ ಬಂದು ಕೋಣೆಯ ಬಾಗಿಲು ತೆಗೆದೆ. ಕಿಸಿಕಿಸಿ ಎಂಬ ಸಣ್ಣ ಸದ್ದು ಕೇಳಿಸಿತು. ಸದ್ದು ಬರುತ್ತಿದ್ದದ್ದು ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯಿಂದ. ಪೆಟ್ಟಿಗೆಯ ಒಂದು ಮೂಲೆಯಲ್ಲಿ ಮುಷ್ಟಿ ತೂರುವಷ್ಟು ತೂತು. ಮೇಲಿನ ಮುಚ್ಚಳ ಸರಿಸಿ ನೋಡಿದೆ. ಒಳಗೆ ಕ್ಯಾಲಿಕೋ ಚಿಂದಿ, ತೆಂಗಿನ ನಾರು, ಚೂರು ಮಾಡಿದ ಪಂಚೆ. ಅದರ ನಡುವೆ ಮಣ್ಣಿನ ಶೆಟ್ಟರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅವರ ಮಡಿಲಿಗೆ ಒರಗಿಕೊಂಡು, ಕಣ್ಣೇ ಬಿಡದ, ಹೆಬ್ಬೆರಳಿನಷ್ಟಿದ್ದ ಮೂರು ಮರಿಗಳು. ಪಕ್ಕದಲ್ಲಿ ಶೆಟ್ಟಮ್ಮ. ಆಕೆಯ ಮೂಗು ಇರಲಿಲ್ಲ.

ನಾನು ಹಣೆ ಚಚ್ಚಿಕೊಂಡೆ. ಮರಿಗಳನ್ನು ನೋಡಿ ಅಲ್ಲ. ಶೆಟ್ಟರ ಮುಂದಿದ್ದ ಬರಿದಾದ ಬಟ್ಟಲುಗಳನ್ನೂ ಹರಿದ ಚೀಲವನ್ನೂ ನೋಡಿ.

ಗೊಂಬೆ ಕೂರಿಸುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ನವರಾತ್ರಿಯಲ್ಲಿ ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ ರಾಣಿ. ಕೆಳಗಿನ ಮೆಟ್ಟಿಲಿನಲ್ಲಿ ಶೆಟ್ಟರ ಅಂಗಡಿ. ದಪ್ಪ ಹೊಟ್ಟೆಯ ಶೆಟ್ಟರು, ಶೆಟ್ಟಮ್ಮ, ಮುಂದೆ ಪುಟ್ಟ ಹಿತ್ತಾಳೆ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ತೊಗರಿಬೇಳೆ, ಹೆಸರುಕಾಳು, ಹುರಿಗಡಲೆ. ಅಮ್ಮ ಹೊಲಿದ ಮುಷ್ಟಿಗಾತ್ರದ ಗೋಣಿಚೀಲದಲ್ಲಿ ಕಡಲೆಕಾಯಿ. ಹಬ್ಬ ಮುಗಿದ ಮೇಲೆ ಈ ದಿನಸಿಯನ್ನೆಲ್ಲ ತೆಗೆದು, ಬಟ್ಟಲು ತೊಳೆದು ಒರೆಸಿ, ಆಮೇಲೆ ಕಟ್ಟಿಡಬೇಕು. ಅಕ್ಕ ಪ್ರತಿವರ್ಷ ಮಾಡುತ್ತಿದ್ದದ್ದು ಹಾಗೆಯೇ. ಹೋದ ವರ್ಷ ಮಂಡಿನೋವಿನಿಂದ ಅವಳಿಗೆ ನೆಲದ ಮೇಲೆ ಕೂರಲಾಗಲಿಲ್ಲ. “ನೀನೇ ಕಟ್ಟಿಡು ನಾಗು, ನಿಧಾನಕ್ಕೆ ಮಾಡು” ಎಂದು ನನಗೆ ಒಪ್ಪಿಸಿದಳು. ಟಿವಿಯಲ್ಲಿ ಕ್ರಿಕೆಟ್ ಮ್ಯಾಚು ಬರುತ್ತಿತ್ತು. ಪಟ್ಟದ ಗೊಂಬೆಗಳನ್ನು ಟ್ರಂಕಿನಲ್ಲಿಟ್ಟೆ. ಶೆಟ್ಟರ ಅಂಗಡಿಯನ್ನು ಅಕ್ಕಿ, ಬೇಳೆ, ಕಡಲೆಕಾಯಿ ಸಮೇತ ಪಂಚೆಯಲ್ಲಿ ಸುತ್ತಿ ಆ ಪೆಟ್ಟಿಗೆಯಲ್ಲಿಟ್ಟು ಓಡಿಬಂದೆ. ಆಮೇಲೆ ತೆಗೆದರಾಯಿತು ಎಂದುಕೊಂಡಿದ್ದೆ. ಮ್ಯಾಚು ಮುಗಿಯುವ ಹೊತ್ತಿಗೆ ಮರೆತೇಹೋಗಿತ್ತು.

ಅಳಿಲಿಗೆ ಅಡ್ರೆಸ್ ಬರೆದು ಕೊಟ್ಟವನು ನಾನು.

ಅದನ್ನು ಯೋಚಿಸುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಈ ಮರಿಗಳ ತಾಯಿಯನ್ನೇ ನಾನು ಬಸವನಗುಡಿಗೆ ಬಿಟ್ಟು ಬಂದಿದ್ದೇನಲ್ಲ! ಹಿತ್ತಲಿನಲ್ಲಿ ಅತ್ತಿಂದಿತ್ತ ಓಡಾಡತೊಡಗಿದೆ. ಗೋಡೆಯ ಆಚೆ ಬಟ್ಟೆ ಒಣಗಿಹಾಕುತ್ತಿದ್ದ ಗಿರಿಜಮ್ಮ ನೋಡಿದರು. ಅಕ್ಕನ ಜೊತೆ ಮಾತು ಬಿಟ್ಟಿದ್ದರೂ ನನ್ನ ಜೊತೆ ಬಿಟ್ಟಿರಲಿಲ್ಲ.

“ಯಾಕಪ್ಪಾ ನಾಗರಾಜ, ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗ್ತಿದೀಯ?”

ಹೇಳಿದೆ. ಮರಿಗಳ ವಿಷಯ ಹೇಳಿದೆ, ಬೋನಿನ ವಿಷಯ ಹೇಳಿದೆ. ಶೆಟ್ಟರ ಅಂಗಡಿಯ ವಿಷಯ ಹೇಳಲಿಲ್ಲ.

ಗಿರಿಜಮ್ಮ ನಕ್ಕರು. “ಅಲ್ನೋಡು, ಸೀಬೆಮರದ ಮೇಲೆ. ಬಾಯಲ್ಲಿ ಹತ್ತಿ ಕಚ್ಕೊಂಡು ನೀನು ಯಾವಾಗ ಜಾಗ ಬಿಡ್ತೀಯ ಅಂತ ಕಾಯ್ತಾ ಕೂತಿದಾಳೆ ಅವ್ಳು. ನೀನು ಆಟೋದಲ್ಲಿ ಕೂರಿಸ್ಕೊಂಡು ಹೋಗಿದ್ದು ಇನ್ಯಾವ್ದೋ ಗಂಡು. ಅದಕ್ಕೇನು, ಎಲ್ಲಿ ಬಿಟ್ರೂ ಬದ್ಕುತ್ತೆ.”

ನಾನು ಬಾಗಿಲಿನಿಂದ ದೂರ ಸರಿದೆ. ತಾಯಿ ಅಳಿಲು ಗೋಡೆಯ ಮೇಲೆ ಓಡಿ ಒಡೆದ ಹೆಂಚಿನೊಳಗೆ ನುಸುಳಿತು. ಕಿಸಿಕಿಸಿ ನಿಂತಿತು.

“ಬಾಣಂತಿ ಕಣಪ್ಪಾ ಅವ್ಳು,” ಎಂದರು ಗಿರಿಜಮ್ಮ. “ಈಗ ಹೊರಗೆ ಹಾಕಿದ್ರೆ ಒಳ್ಳೇದಾಗುತ್ತಾ? ಮರಿ ಕಣ್ಣು ಬಿಟ್ಟು, ಓಡಾಡಿ, ತಾವೇ ಮರ ಹತ್ತೋ ತನಕ ಸುಮ್ನಿರು. ಹೋದ್ಮೇಲೆ ಹೆಂಚು ಹಾಕ್ಸು.” ಒಳಗೆ ಹೋಗಿ ಒಂದು ಬಟ್ಟಲು ಕೊಬ್ಬರಿ ಚೂರು ತಂದು ಗೋಡೆಯ ಮೇಲಿಂದ ನನ್ನ ಕೈಗಿತ್ತರು. “ನಾನು ಗೋಡೆ ಮೇಲೆ ಇಡಲ್ಲ ಅಂತ ಹೇಳಿದೀನಿ, ಇಡಲ್ಲ. ನೀನೇ ಒಳಗಿಡು. ನಿಮ್ಮಕ್ಕಂಗೆ ಹೇಳ್ಬೇಡ.”

ಹೀಗೆ, ಅಳಿಲುಗಳನ್ನು ಓಡಿಸುವ ಜವಾಬ್ದಾರಿ ಹೊತ್ತಿದ್ದ ನಾನು ಶ್ರಾವಣದ ನಡುವಿನಿಂದ ಹಿಡಿದು ಒಂದೂವರೆ ತಿಂಗಳು ಅವಕ್ಕೆ ಕೊಬ್ಬರಿ ಹಾಕಿ ಸಾಕಿದೆ. ಅಕ್ಕ ಕೇಳಿದರೆ, “ಪ್ರಯತ್ನ ನಡೀತಿದೆ” ಎನ್ನುತ್ತಿದ್ದೆ.

ನಿಜ ಹೇಳುವುದಕ್ಕೆ ಅವತ್ತೇ ಒಳ್ಳೆಯ ಸಮಯವಾಗಿತ್ತು. ಹೇಳಲಿಲ್ಲ. ಇದು ನನ್ನ ಹಳೆಯ ಕಾಯಿಲೆ. ಚಿಕ್ಕಂದಿನಲ್ಲಿ ಹಾಲಿನ ಕೆನೆ ತಿಂದವನು ನಾನು, ಪೊರಕೆಯಲ್ಲಿ ಹೊಡೆಸಿಕೊಂಡದ್ದು ಬೆಕ್ಕು. ಆ ಬೆಕ್ಕು ಕಡೆಗೆ ಮನೆ ಬಿಟ್ಟೇ ಹೋಯಿತು. ಕೆನೆ ಆಮೇಲೂ ಕಡಿಮೆಯಾಗುತ್ತಿದ್ದದ್ದನ್ನು ಯಾರೂ ಗಮನಿಸಲಿಲ್ಲ. ಆದರೆ ಬೆಕ್ಕು ಬೆಕ್ಕೇ. ಗಿರಿಜಮ್ಮ ಬೆಕ್ಕಲ್ಲ.

ಅಕ್ಕನ ಬೈಗುಳಕ್ಕೆ ಹೆದರಿದೆ ಎಂದುಕೊಳ್ಳಬೇಡಿ. ಅಕ್ಕ ನನ್ನನ್ನು ಬೈಯುವುದೇ ಇಲ್ಲ. ಅದೇ ತೊಂದರೆ. ನಾನು ಏನು ಕೆಡಿಸಿದರೂ ಅವಳು, “ಹೋಗ್ಲಿ ಬಿಡು, ಅವನಿಗೆ ತಿಳಿಯೋದು ಅಷ್ಟೇ” ಎನ್ನುತ್ತಾಳೆ. ಏಳನೇ ಕ್ಲಾಸಿನಲ್ಲಿ ನಪಾಸಾದಾಗ ಅಪ್ಪನ ಮುಂದೆ ನನ್ನನ್ನು ಕಾಪಾಡಿದ ಮಾತು ಅದು. ಈಗ ನನಗೆ ಅರವತ್ತು ದಾಟಿದೆ. ಆ ಮಾತು ಕೇಳಿದಾಗಲೆಲ್ಲ ಚಡ್ಡಿ ಹಾಕಿಕೊಂಡು ನಿಂತ ಹಾಗಾಗುತ್ತದೆ. ಅದನ್ನು ಇನ್ನೊಮ್ಮೆ ಕೇಳುವುದಕ್ಕಿಂತ, ಮರಿಗಳು ಹೋಗಲಿ, ಆಮೇಲೆ ಎಲ್ಲ ಒಟ್ಟಿಗೆ ಹೇಳೋಣ ಎಂದು ಮುಂದೂಡಿದೆ. ಮರಿಗಳು ಕಣ್ಣು ಬಿಟ್ಟವು. ಶೆಟ್ಟರ ತಲೆಯ ಮೇಲೆ ಹತ್ತಿ ಇಳಿಯುವುದನ್ನು ಕಲಿತವು. ನಾನು ಬಾಯಿ ಬಿಡಲಿಲ್ಲ.

ಗಣೇಶನ ಹಬ್ಬಕ್ಕೆ ನಮ್ಮ ಕಡುಬಿನ ತಟ್ಟೆ ಪಕ್ಕದ ಮನೆಗೆ ಹೋಗಲಿಲ್ಲ. ಗೌರಿ ಹಬ್ಬದ ಅವರ ಹೋಳಿಗೆ ನಮ್ಮಲ್ಲಿಗೆ ಬರಲಿಲ್ಲ. ಅಕ್ಕ ತಟ್ಟೆಗೆ ಕಡುಬು ಹಾಕಿ, ಮೇಲೊಂದು ಬಾಳೆಲೆ ಮುಚ್ಚಿ, ಅಭ್ಯಾಸಬಲದಿಂದ ಬಾಗಿಲವರೆಗೆ ಹೋಗಿ ನಿಂತದ್ದನ್ನು ನಾನು ನೋಡಿದೆ. ವಾಪಸು ಬಂದು ತಟ್ಟೆಯನ್ನು ನನ್ನ ಮುಂದಿಟ್ಟಳು. “ಜಾಸ್ತಿ ಮಾಡ್ಬಿಟ್ಟಿದೀನಿ, ನೀನೇ ತಿನ್ನು.” ಹನ್ನೊಂದು ಕಡುಬು. ಎಲ್ಲವನ್ನೂ ತಿಂದು ತಟ್ಟೆ ತೊಳೆದಿಟ್ಟೆ.

ಅಳಿಲುಗಳು ಹೋದದ್ದು ಯಾವ ಗಲಾಟೆಯೂ ಇಲ್ಲದೆ. ಮಹಾಲಯ ಅಮಾವಾಸ್ಯೆಗೆ ವಾರವಿರುವಾಗ ಒಂದು ಬೆಳಗ್ಗೆ ಕೊಬ್ಬರಿ ಹಾಗೆಯೇ ಇತ್ತು. ಮಾರನೆಯ ದಿನವೂ ಇತ್ತು. ಪೆಟ್ಟಿಗೆ ಖಾಲಿ. ಸೀಬೆಮರದ ತುದಿಯಲ್ಲಿ ಹೊಸ ಗೂಡೊಂದು ಕಂಡಿತು. ಹೊರಗೆ ಚಾಚಿದ್ದ ಚಿಂದಿ ನನ್ನ ನೀಲಿ ಕ್ಯಾಲಿಕೋ. ನಾನೇ ಏಣಿ ಹತ್ತಿ ಹೊಸ ಹೆಂಚು ಹಾಕಿ, ಸಂದಿಗೆ ಸಿಮೆಂಟು ಮೆತ್ತಿದೆ. ಇಳಿದು ಬಂದು ಕಿವಿಗೊಟ್ಟೆ. ಒಂದು ಸದ್ದಿಲ್ಲ. ಕುಣಿಯಬೇಕಾಗಿತ್ತು. ಆದರೆ ಇನ್ನು ಮುಂದೂಡುವುದಕ್ಕೆ ನನ್ನ ಬಳಿ ಮರಿಗಳೂ ಇರಲಿಲ್ಲ.

ನವರಾತ್ರಿಯ ಹಿಂದಿನ ದಿನ ಮಧ್ಯಾಹ್ನ ಹಲಗೆಗಳನ್ನು ಜೋಡಿಸಿ ಮೆಟ್ಟಿಲು ಮಾಡಿದೆ. ಅಕ್ಕ ಕುರ್ಚಿಯಲ್ಲಿ ಕೂತು ಹೇಳಿದಂತೆ ಗೊಂಬೆಗಳನ್ನು ಇಡುತ್ತಾ ಬಂದೆ. ಪಟ್ಟದ ಗೊಂಬೆಗೆ ಮೊದಲ ಆರತಿಯನ್ನು ಮುತ್ತೈದೆ ಎತ್ತಬೇಕು. ಅಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಅದನ್ನು ಪ್ರತಿವರ್ಷ ಎತ್ತಿದವರು ಗಿರಿಜಮ್ಮ.

“ನಾಳೆ ಆರತಿಗೆ ಯಾರನ್ನ ಕರೀತೀಯಕ್ಕ?” ಎಂದೆ.

“ಯಾರಾದ್ರೂ ಬರ್ತಾರೆ ಬಿಡು. ಬೀದೀಲಿ ಹೆಂಗಸ್ರಿಗೇನು ಬರವಾ?” ಎಂದಳು. ಯಾರನ್ನೂ ಕರೆದಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆಮೇಲೆ ಶೆಟ್ಟಮ್ಮನನ್ನು ಕೈಗೆತ್ತಿಕೊಂಡು ಮೂಗಿಲ್ಲದ ಮುಖವನ್ನು ಸೆರಗಿನಿಂದ ಒರೆಸಿದಳು. “ಅಮ್ಮ ಎಷ್ಟು ಜೋಪಾನ ಮಾಡಿದ್ಲು ಇದನ್ನ. ಒಂದು ಮುಷ್ಟಿ ಕಡ್ಲೇಕಾಯಿಗೆ ಈ ಗತಿ ಮಾಡಿದ್ಲು ಆ ಗಿರಿಜಾ.”

“ಅಕ್ಕಾ, ಆ ಕಡ್ಲೇಕಾಯಿ ಗಿರಿಜಮ್ಮನದಲ್ಲ. ಶೆಟ್ಟರದು,” ಎಂದೆ.

ಅಕ್ಕನಿಗೆ ಅರ್ಥವಾಗಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಮುಗಿದ ಮೇಲೆ ಅವಳು ಶೆಟ್ಟಮ್ಮನನ್ನು ಮೆಲ್ಲಗೆ ಹಲಗೆಯ ಮೇಲಿಟ್ಟು ಒಂದೊಂದೇ ಪ್ರಶ್ನೆ ಕೇಳಿದಳು.

“ಅಕ್ಕಿ, ಬೇಳೆ?”

“ಬಟ್ಟಲಲ್ಲೇ ಇತ್ತು.”

“ಕಡ್ಲೇಕಾಯಿ?”

“ಚೀಲದಲ್ಲೇ.”

“ನಿಂಗೆ ಯಾವಾಗಿಂದ ಗೊತ್ತು?”

ನಾನು ಹೆದರಿದ್ದದ್ದು ಈ ಪ್ರಶ್ನೆಗೆ. “ಶ್ರಾವಣದಿಂದ,” ಎಂದೆ.

‘ಹೋಗ್ಲಿ ಬಿಡು’ ಬರುತ್ತದೆ ಎಂದು ಕಾದೆ. ಬರಲಿಲ್ಲ.

“ಕಾಳು ತೆಗೀಲಿಲ್ಲ ಅನ್ನೋದು ಮರೆವು. ಅದನ್ನ ಬಿಟ್ಬಿಡ್ತೀನಿ. ಅವನಿಗೆ ತಿಳಿಯೋದು ಅಷ್ಟೇ ಅಂತ ಇದನ್ನೂ ಬಿಟ್ಬಿಡೋಣ ಅಂದ್ರೆ, ನಿಂಗೆ ಎಲ್ಲಾ ತಿಳೀತಿತ್ತಲ್ಲೋ. ತಿಳ್ಕೊಂಡೇ ಸುಮ್ನಿದ್ದೆ. ಒಂದೂವರೆ ತಿಂಗ್ಳು ಆ ಹೆಂಗಸು ಎದುರಿಗೆ ಬಂದಾಗೆಲ್ಲ ನಾನು ಮುಖ ತಿರುಗಿಸ್ಕೊಂಡು ಹೋಗಿದೀನಿ. ನಾಚ್ಕೆ ಆಗ್ಲಿಲ್ವಾ ನಿಂಗೆ?” ದನಿ ಏರುತ್ತಾ ಹೋಯಿತು. ಜೀವಮಾನದಲ್ಲಿ ಅಕ್ಕ ನನ್ನನ್ನು ಬೈದದ್ದು ಅದೇ ಮೊದಲು. ನನ್ನ ಕಣ್ಣಲ್ಲಿ ನೀರು ಬಂತು. ವಿಚಿತ್ರವೆಂದರೆ, ಎದೆಯ ಮೇಲಿದ್ದ ಒಂದು ಹೊರೆಯೂ ಅದರ ಜೊತೆಗೇ ಜಾರಿತು. ಅಂತೂ ನನ್ನನ್ನು ಬೈಸಿಕೊಳ್ಳುವ ಯೋಗ್ಯತೆಯವನೆಂದು ಒಪ್ಪಿಕೊಂಡಳು.

“ನಡಿ,” ಎಂದಳು. ಮುಖ ತೊಳೆದು, ಬೇರೆ ಸೀರೆ ಉಟ್ಟು, ಕುಂಕುಮದ ಬಟ್ಟಲು ಹಿಡಿದು, ನೋಯುವ ಮಂಡಿಯಲ್ಲೇ ಗಿರಿಜಮ್ಮನ ಮನೆಯ ಮೆಟ್ಟಿಲು ಹತ್ತಿದಳು. ನಾನು ಎರಡು ಮೆಟ್ಟಿಲು ಹಿಂದೆ. ಬಾಗಿಲು ತೆಗೆದ ಗಿರಿಜಮ್ಮ ಅಕ್ಕನ ಮುಖ ನೋಡಿದರು, ಬಟ್ಟಲು ನೋಡಿದರು, ನನ್ನನ್ನು ನೋಡಿದರು.

ಅಕ್ಕ ನನ್ನ ಹೆಸರು ಹೇಳುತ್ತಾಳೆ ಎಂದುಕೊಂಡಿದ್ದೆ. “ಗಿರಿಜಾ, ತಪ್ಪು ನಂದು,” ಎಂದಳು. “ಅಳಿಲು ಯಾಕೆ ಬಂತು ಅನ್ನೋದು ಆಮೇಲೆ ಇವನು ಹೇಳ್ತಾನೆ. ಓದಿನ ಮಾತು ಅಂದೆನಲ್ಲ, ಅದು ಯಾರೂ ಹೇಳ್ಕೊಟ್ಟಿದ್ದಲ್ಲ, ನನ್ನದೇ ಬಾಯಿಂದ ಬಂದಿದ್ದು. ಅದಕ್ಕೆ ಬಂದಿದೀನಿ.”

ಗಿರಿಜಮ್ಮ ಬಾಗಿಲನ್ನು ಪೂರ್ತಿ ತೆರೆದರು. ಆಮೇಲೆ ನನ್ನ ಕಡೆ ತಿರುಗಿದರು. “ಹೇಳಪ್ಪಾ. ಯಾಕ್ ಬಂತು?”

ಎರಡನೆಯ ಸಲ ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಕೇಳಿ ಮುಗಿಸಿದವರು ನನ್ನನ್ನು ಬಿಟ್ಟು ಅಕ್ಕನನ್ನೇ ಹಿಡಿದರು.

“ಅಲ್ರೀ ಶಾರದಾ, ನಾನು ಕಡ್ಲೇಕಾಯಿ ನಿಲ್ಲಿಸಿ ಎರಡು ತಿಂಗ್ಳಾಯ್ತು. ಅಳಿಲು ಹೋಯ್ತಾ? ಹೋಗ್ಲಿಲ್ಲ. ಆಗ್ಲಾದ್ರೂ ನಿಮ್ಮ ಲೆಕ್ಕ ತಪ್ಪಾಗಿದೆ ಅಂತ ಗೊತ್ತಾಗ್ಬಾರ್ದಾ? ಮೂವತ್ತು ವರ್ಷ ಮಕ್ಕಳಿಗೆ ಏನ್ರೀ ಹೇಳ್ಕೊಟ್ರಿ?”

“ಗೊತ್ತಾಗ್ತಿತ್ತು ಕಣ್ರೀ. ಇವನು ಬೋನಿಗೆ ಅಂತ ಯಾವಾಗ್ಲೂ ಕೊಬ್ಬರಿ ಚೂರು ಬೀಳಿಸ್ಕೊಂಡು ಓಡಾಡ್ತಿದ್ದ, ಅದರ ಆಸೆಗೆ ಇವೆ ಅಂದ್ಕೊಂಡೆ.”

ಗಿರಿಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಅಕ್ಕನ ಹುಬ್ಬು ಮೇಲೆ ಹೋಯಿತು. “ಕೊಬ್ಬರಿ ಕೊಟ್ಟಿದ್ದು ನೀವಾ?”

“ಕೊಟ್ಟಿದ್ದು ನಾನು. ಇಟ್ಟಿದ್ದು ಅವನು,” ಎಂದು ಹೇಳುವಷ್ಟರಲ್ಲಿ ಅವರಿಗೆ ನಗು ತಡೆಯಲಾಗಲಿಲ್ಲ. ಅಕ್ಕನಿಗೂ ಆಗಲಿಲ್ಲ. ಇಬ್ಬರೂ ಬಾಗಿಲಲ್ಲೇ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು, ಆಮೇಲೆ ಅತ್ತರು, ಮತ್ತೆ ನಕ್ಕರು. ನಾನು ಬೀದಿಯಲ್ಲಿ ಹೋಗುವವರನ್ನು ನೋಡುತ್ತಾ ನಿಂತೆ.

ನವರಾತ್ರಿಯ ಮೊದಲ ದಿನದ ಆರತಿಗೆ ಗಿರಿಜಮ್ಮ ರೇಷ್ಮೆ ಸೀರೆ ಉಟ್ಟು ಬಂದರು. ಆರತಿ ಎತ್ತಿದರು, ಹಾಡು ಹೇಳಿದರು. ಸಂಜೆ ಹೆಂಗಸರೆಲ್ಲ ಬಂದು ಹೋದ ಮೇಲೂ ಅವರು ಎದ್ದು ಹೋಗಲಿಲ್ಲ. ಎರಡು ತಿಂಗಳ ಮಾತು ಬಾಕಿ ಇತ್ತು. ನಾನು ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟಿದ್ದೆ. ನಡುಮನೆಯಿಂದ ಇಬ್ಬರ ದನಿಯೂ ಸ್ಪಷ್ಟವಾಗಿ ಕೇಳುತ್ತಿತ್ತು.

“ಚಿಕ್ಕೋನಿದ್ದಾಗಿಂದ್ಲೂ ಹೀಗೇನಾ ಅವನು?”

“ಅಯ್ಯೋ ಕೇಳ್ಬೇಡಿ. ನಮ್ಮನೇಲಿ ಒಂದು ಬೆಕ್ಕಿತ್ತು...”

ನಾನು ಕಿವಿ ನಿಮಿರಿಸಿದೆ. ಬೆಕ್ಕಿನ ವಿಷಯ ಅಕ್ಕನಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಅದು ಮುಗಿದ ಮೇಲೆ ನಾನು ಕಳೆದುಹಾಕಿದ ಛತ್ರಿಗಳು ಬಂದವು. ಆಮೇಲೆ ನಾನು ತಲೆಕೆಳಗಾಗಿ ಬೈಂಡ್ ಮಾಡಿದ ಪುಸ್ತಕ. ಆಮೇಲೆ ನನ್ನ ಗೊರಕೆ. ಒಬ್ಬರು ಒಂದು ತುದಿಯಿಂದ, ಇನ್ನೊಬ್ಬರು ಇನ್ನೊಂದು ತುದಿಯಿಂದ ನನ್ನ ತಪ್ಪುಗಳನ್ನು ಪೋಣಿಸುತ್ತಾ ಬರುತ್ತಿದ್ದರು. ಮಧ್ಯಕ್ಕೆ ಬರುವುದು ಇನ್ನೂ ಬಹಳ ದೂರವಿತ್ತು. ನಾನು ಪಾತ್ರೆಗೆ ಇನ್ನೆರಡು ಲೋಟ ನೀರು ಸುರಿದು, ಒಲೆ ಸಣ್ಣ ಮಾಡಿ, ಅಲ್ಲೇ ಗೋಡೆಗೊರಗಿ ಕೂತೆ. ಅಷ್ಟು ಸಮಾಧಾನವಾಗಿ ಬೈಸಿಕೊಂಡ ಮನುಷ್ಯ ಆ ಸಂಜೆ ಚಾಮರಾಜಪೇಟೆಯಲ್ಲಿ ಇನ್ನೊಬ್ಬನಿರಲಾರ.